ಮೌನದಲ್ಲಿ ಹೋದ ಮೀಸೆ

ರಘೋತ್ತಮರಾಯರ ಬಾಯಿಂದ ಆ ಸುಳ್ಳು ಹೊರಬಿದ್ದದ್ದು ಉಪ್ಪಿಟ್ಟಿನ ಎರಡನೆಯ ತುತ್ತಿಗೂ ಮೂರನೆಯ ತುತ್ತಿಗೂ ನಡುವೆ. ನಾಸಿಕದಲ್ಲಿ ಬೀಗರಾಗಲಿರುವ ಉಮಾನಾಥರಾಯರ ಮನೆ. ಗೋಡೆಯ ತುಂಬ ಸಹ್ಯಾದ್ರಿಯ ಕೋಟೆಗಳ ಫೋಟೋ, ಮೂಲೆಯಲ್ಲಿ ಬೆಟ್ಟ ಹತ್ತುವ ಕೋಲು. ಅವರ ಮಗ ನಚಿಕೇತ, ರಘೋತ್ತಮರಾಯರ ಮಗಳು ಮಾನ್ಯಾಳನ್ನು ಒಪ್ಪಿಯಾಗಿತ್ತು. ಮಾನ್ಯಾ ಅವನನ್ನು ಅದಕ್ಕೂ ಮೊದಲೇ ಒಪ್ಪಿದ್ದಳು. ಹಿರಿಯರಿಗೆ ಉಳಿದದ್ದು ಉಪ್ಪಿಟ್ಟು ಮಾತ್ರ.

"ನಿಮ್ಮ ಹವ್ಯಾಸ ಏನ್ರಿ ರಾಯರ?" ಎಂದು ಉಮಾನಾಥರಾಯರು ಕೇಳಿದರು.

ಔರಂಗಾಬಾದಿನ ಬ್ಯಾಂಕೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕುಳಿತಿದ್ದ ರಘೋತ್ತಮರಾಯರ ಹವ್ಯಾಸ ಒಂದೇ: ಭಾನುವಾರ ಊಟವಾದ ಮೇಲೆ ನಾಲ್ಕರ ತನಕ ಮಲಗುವುದು. ಅದನ್ನು ಬೀಗರ ಮುಂದೆ ಹೇಳುವ ಧೈರ್ಯವಾಗಲಿಲ್ಲ. ಕೋಲಿನ ಕಡೆ ಒಮ್ಮೆ ನೋಡಿದರು, ತಮ್ಮ ದಪ್ಪ ಮೀಸೆಯನ್ನು ಒಮ್ಮೆ ತೀಡಿದರು.

"ನಿಸರ್ಗದಾಗ ಕೂತು ಧ್ಯಾನ ಮಾಡ್ತೀನ್ರಿ. ಶಿಬಿರಕ್ಕ ಹೋಗ್ತಿರ್ತೀನಿ."

ಪಕ್ಕದಲ್ಲಿದ್ದ ಹೆಂಡತಿ ಶುಭಾಬಾಯಿಯವರಿಗೆ ಉಪ್ಪಿಟ್ಟು ನೆತ್ತಿಗೇರಿತು. ಉಮಾನಾಥರಾಯರು ಮಾತ್ರ ಕುರ್ಚಿ ಮುಂದೆ ಎಳೆದುಕೊಂಡರು. "ಭಲೇ! ನಿಶ್ಚಿತಾರ್ಥದ ದಿವಸ ಕೂತು ನಿಮ್ಮ ಅನುಭವ ಕೇಳಲಿಕ್ಕೇ ಬೇಕು."

ನಿಶ್ಚಿತಾರ್ಥಕ್ಕೆ ಹತ್ತು ದಿನವಿತ್ತು. ಹತ್ತು ದಿನದೊಳಗೆ ಒಂದು ಅನುಭವ ಆಗಲೇಬೇಕಿತ್ತು. ಇಲ್ಲದಿದ್ದರೆ ಹುಡುಗನ ಮೌಶಿ, ಅಂದರೆ ತಾಯಿಯ ತಂಗಿ, ಒಬ್ಬಳಿದ್ದಳು. ಅವಳ ಕೈಯಲ್ಲಿ ಇನ್ನೊಂದು ಹುಡುಗಿಯ ಜಾತಕ ಸಿದ್ಧವಿತ್ತು. ಮಾನ್ಯಾಳ ಮನೆಯವರು ಎಲ್ಲಿ ಎಡವುತ್ತಾರೆಂದು ಆಕೆ ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದಳು.

ದೇವರು ಸುಳ್ಳುಗಾರರಿಗೆ ಸಹಾಯ ಮಾಡುವುದು ಹೆಚ್ಚಾಗಿ ದಿನಪತ್ರಿಕೆಯೊಳಗಿನ ಚೀಟಿಗಳ ಮೂಲಕ. ಮರುವಾರ ಪತ್ರಿಕೆಯಿಂದ ಹಸಿರು ಚೀಟಿಯೊಂದು ಉದುರಿತು: 'ವನಮೌನ ಶಿಬಿರ. ದಿಂಡೋರಿ. ಬುಧವಾರದಿಂದ ಶುಕ್ರವಾರ. ಮೂರು ದಿನಗಳಲ್ಲಿ ಹೊಸ ಜನ್ಮ.'

"ದಿಂಡೋರಿಗೇನ್ರಿ?" ಎಂದರು ಪಕ್ಕದ ಮನೆಯ ಪ್ರೇಮಾಬಾಯಿ, ಕಂಪೌಂಡಿನ ಮೇಲಿಂದ. "ಅಲ್ಲಿ ಬರೇ ದ್ರಾಕ್ಷಿ ತೋಟ ಅದಾವಲ್ರಿ. ದ್ರಾಕ್ಷಿ ತೋಟದಾಗ ಹೊಸ ಜನ್ಮ ಅಂದ್ರ… ನನಗ ಗೊತ್ತಿಲ್ಲವ್ವಾ, ಜನ ಅಂತಾರ."

ಪ್ರೇಮಾಬಾಯಿಯ ಗಂಡ ಮನ್ಮಥಪ್ಪನವರು ಬೀದರ ಕಡೆಯ ಲಿಂಗಾಯತರು. ಚಾಂದವಡದಲ್ಲಿ ಉಳ್ಳಾಗಡ್ಡಿ ಖರೀದಿಸಿ ಮೂರು ಜಿಲ್ಲೆಗೆ ಹಂಚುವ ವ್ಯಾಪಾರಿ. ಪರೋಪಕಾರಿ ಮನುಷ್ಯ. ಕೇಳಿದವರಿಗಿಂತ ಕೇಳದವರಿಗೇ ಅವರು ಉಪಕಾರ ಮಾಡಿದ್ದು ಹೆಚ್ಚು.

ದಿಂಡೋರಿಯ ಶಿಬಿರವನ್ನು ನಡೆಸುವವನು ಉತ್ಕರ್ಷ ಎಂಬ ಜುಟ್ಟಿನ ತರುಣ. ಬಂದವರೆಲ್ಲರ ಮೊಬೈಲನ್ನು ತಗಡಿನ ಟ್ರಂಕಿಗೆ ಹಾಕಿ ಬೀಗ ಜಡಿದ. ಎಲ್ಲರಿಗೂ ಬಿಳಿ ಪಂಚೆ ಕೊಟ್ಟ. ಶುಕ್ರವಾರ ಸೂರ್ಯ ಮುಳುಗುವ ತನಕ ಒಂದಕ್ಷರ ಮಾತಾಡುವುದಿಲ್ಲ, ಬರೆಯುವುದಿಲ್ಲ, ಸನ್ನೆ ಮಾಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡ. ಮುರಿದವರಿಗೆ ಪ್ರಮಾಣಪತ್ರವಿಲ್ಲ.

ಎರಡನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿದರು. ಅಂಗೈಗೆ ಯಾರೋ ಎಲೆ ಇಟ್ಟರು, ಯಾರೋ ಮಣ್ಣು ಇಟ್ಟರು, ಯಾರೋ ನೀರು ಸುರಿದರು. "ಪ್ರಶ್ನೆ ಕೇಳಬೇಡಿ, ಸ್ವೀಕರಿಸಿ," ಎಂದ ಉತ್ಕರ್ಷ ಹಿಂದಿಯಲ್ಲಿ. "ಮೌನದಲ್ಲಿ ಪರಿಚಿತರ ಧ್ವನಿ ಕೇಳಿಸುತ್ತದೆ. ಅದು ಹೊರಗಿನದಲ್ಲ. ನಿಮ್ಮೊಳಗಿನ ಗದ್ದಲ. ಕಿವಿಗೊಡಬೇಡಿ."

ಮೂರನೆಯ ದಿನ ನದಿಯ ದಂಡೆಯಲ್ಲಿ ವಿಸರ್ಜನೆ. ನಿಮ್ಮನ್ನು ಕಟ್ಟಿಹಾಕಿದ ಭಯ ಯಾವುದೋ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಮಣ್ಣಿನ ಮಡಕೆಯಲ್ಲಿಟ್ಟು ನದಿಗೆ ಬಿಡಬೇಕು. ನಿಮಗೆ ಅತ್ಯಂತ ಪ್ರಿಯವಾದದ್ದೊಂದನ್ನೂ ಬಿಡಬೇಕು. ಈ ಚೀಟಿಯೊಂದನ್ನು ಬರೆಯುವುದಕ್ಕೆ ಮಾತ್ರ ನಿಯಮದಿಂದ ವಿನಾಯಿತಿ.

ರಘೋತ್ತಮರಾಯರು ಬಹಳ ಯೋಚಿಸಲಿಲ್ಲ. ಐವತ್ತೆರಡು ವರ್ಷದ ಬಾಳಿನಲ್ಲಿ ಅವರಿಗೆ ಇದ್ದ ಭಯ ಒಂದೇ, ಪ್ರೀತಿಯೂ ಒಂದೇ. ಪ್ರೀತಿ ಮೂಗಿನ ಕೆಳಗಿತ್ತು. ಭಯ ಕಲಬುರಗಿಯಲ್ಲಿತ್ತು. ಚೀಟಿಯಲ್ಲಿ 'ಬಿಂದುಮಾಧವ' ಎಂದು ಕನ್ನಡದಲ್ಲಿ ಬರೆದು ಮಡಚಿದರು.

ಬಿಂದುಮಾಧವ ಮಾಸ್ತರರು ಅವರ ತಂದೆ. ಎಂಬತ್ತನಾಲ್ಕು ವರ್ಷ, ನಿವೃತ್ತ ಹೆಡ್‌ಮಾಸ್ತರರು, ಕಲಬುರಗಿಯಲ್ಲಿ ಮಗಳು ಅಂಬುಜಾಳ ಮನೆಯಲ್ಲಿ ವಾಸ. ಅವರ ಹೆಸರನ್ನು ರಘೋತ್ತಮರಾಯರು ಶಾಲೆಯ ದಾಖಲಾತಿಯಲ್ಲಿ ಬರೆದಿದ್ದರೇ ಹೊರತು ಬಾಯಿಬಿಟ್ಟು ಉಚ್ಚರಿಸಿದ್ದೇ ಇಲ್ಲ.

ನಿಸರ್ಗ ಶಿಬಿರಕ್ಕೆ ಎದುರಾದ ಏಕೈಕ ಅಡಚಣೆ ನಿಸರ್ಗವೇ. ಮೇ ತಿಂಗಳು. ಉತ್ಕರ್ಷ ಗೊತ್ತು ಮಾಡಿದ್ದ ನಿರ್ಜನ ದಂಡೆಗೆ ಹೋದರೆ ದಂಡೆಯಿತ್ತು, ನದಿ ಇರಲಿಲ್ಲ. ಹತ್ತು ನಿಮಿಷ ಅವನೂ ಮೌನವಾದ. ಕೊನೆಗೆ ಮಿನಿ ಬಸ್ಸನ್ನು ತಿರುಗಿಸಿ ನಾಸಿಕದ ಗೋದಾವರಿ ದಂಡೆಯ ರಾಮಕುಂಡಕ್ಕೆ ಕರೆತಂದ. ಅಲ್ಲಿ ವರ್ಷವಿಡೀ ನೀರಿರುತ್ತದೆ; ವರ್ಷವಿಡೀ ಜನ ತಮ್ಮ ಸತ್ತವರ ಅಸ್ಥಿ ತಂದು ಬಿಡುತ್ತಿರುತ್ತಾರೆ.

ರಘೋತ್ತಮರಾಯರು ಮೆಟ್ಟಿಲ ಮೇಲೆ ಕ್ಷೌರ ಮಾಡುತ್ತಿದ್ದ ನಾವಿಯ ಮುಂದೆ ಕುಳಿತು ಮುಖ ಮುಂದೆ ಚಾಚಿದರು. ಬಿಳಿ ಪಂಚೆ, ಮಡಿಲಲ್ಲಿ ಮಡಕೆ, ಬಾಯಲ್ಲಿ ಮಾತಿಲ್ಲ. ನಾವಿ ದಿನಕ್ಕೆ ಇಂಥ ನೂರು ಜನರನ್ನು ನೋಡುವವನು. ಏನನ್ನೂ ಕೇಳಲಿಲ್ಲ. ಮೀಸೆ ತೆಗೆದ, ಕತ್ತಿ ಮೇಲಕ್ಕೆ ಹೋಯಿತು. ರಾಯರು 'ಅಷ್ಟೇ ಸಾಕು' ಎನ್ನಬೇಕೆಂದುಕೊಂಡರು. ಸಹಿ ನೆನಪಾಯಿತು. ಸ್ವೀಕರಿಸಿದರು. ಐದು ನಿಮಿಷದಲ್ಲಿ ತಲೆ ತಾಮ್ರದ ತಂಬಿಗೆಯಂತಾಗಿ, ಹಿಂದೆ ಒಂದು ಶಿಖೆ ಮಾತ್ರ ಉಳಿಯಿತು.

ಆಮೇಲೆ ನೀರಿನಲ್ಲಿ ಮುಳುಗಿ, ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕುಳಿತರು. ಗಂಟೆ ಬಾರಿಸುವ ತನಕ ಕಣ್ಣು ತೆರೆಯಬಾರದೆಂದು ಅಪ್ಪಣೆಯಾಗಿತ್ತು.

ಇದೇ ಹೊತ್ತಿಗೆ ಘಾಟಿನ ಪಕ್ಕದ ಬಜಾರಿಗೆ ಉಳ್ಳಾಗಡ್ಡಿಯ ದರ ಕೇಳಲು ಬಂದಿದ್ದ ಮನ್ಮಥಪ್ಪನವರು ಮೆಟ್ಟಿಲ ಕಡೆ ನೋಡಿದರು. ನೋಡಿದವರು ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗೆ ಬಿಟ್ಟರು.

"ರಾಯರ! ಇದೇನ್ರಿ ಇದು! ಮೀಸಿ ಹೋಗ್ಯಾದ!"

ರಾಯರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಮ್ಮೊಳಗಿನ ಗದ್ದಲ ಬೀದರ ಕನ್ನಡದಲ್ಲಿ ಮಾತಾಡುತ್ತಿರುವುದು ಅವರಿಗೆ ಸ್ವಲ್ಪ ಆಶ್ಚರ್ಯ ತಂದಿತು, ಅಷ್ಟೆ.

ಮನ್ಮಥಪ್ಪನವರು ಮಡಕೆಯೊಳಗಿನ ಚೀಟಿ ತೆಗೆದು ಓದಿದರು. ಬಿಂದುಮಾಧವ. ಹೋದ ದಸರೆಯಲ್ಲಿ ಬಂದಾಗ ತಮ್ಮ ಮೊಮ್ಮಗನಿಗೆ ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಂಡಿದ್ದ ಮಾಸ್ತರರು! ಮನ್ಮಥಪ್ಪನವರ ಕಣ್ಣು ತುಂಬಿ ಬಂತು. "ಎಂಥಾ ಮನಷಾ! ಹೋಗೇಬಿಟ್ರಾ! ಪಾಪ, ಇವರಿಗಿ ದುಃಖಕ್ಕ ಬಾಯೇ ಹೋಗ್ಯಾದ. ಒಬ್ಬರೇ ಬಂದಾರ. ಹಿಂದಿಲ್ಲ ಮುಂದಿಲ್ಲ."

ಲಿಂಗಾಯತರಲ್ಲಿ ಹೂಳುವುದೇ ಹೊರತು ಅಸ್ಥಿ, ಪಿಂಡಗಳ ಗೊಡವೆಯಿಲ್ಲ. ಅವರಿಗೆ ವಿಧಿ ಗೊತ್ತಿರಲಿಲ್ಲ, ಆದರೆ ವಿಧಿ ಗೊತ್ತಿದ್ದವರನ್ನು ಹುಡುಕುವುದು ಗೊತ್ತಿತ್ತು. ಘಾಟಿನ ಭಟ್ಟರೊಬ್ಬರನ್ನು ಕೈಹಿಡಿದು ಎಳೆತಂದರು.

ರಾಯರ ಬೆರಳಿಗೆ ಯಾರೋ ದರ್ಭೆಯ ಉಂಗುರ ತೊಡಿಸಿದರು. ಅಂಗೈಗೆ ನೀರು ಬಿತ್ತು, ಎಳ್ಳು ಬಿತ್ತು. ನಿನ್ನೆಯ ಅಭ್ಯಾಸದ ಮುಂದುವರಿಕೆ ಎಂದು ರಾಯರು ತಿಳಿದರು. ನಿನ್ನೆಗಿಂತ ಇವತ್ತಿನ ಏರ್ಪಾಡು ಅಚ್ಚುಕಟ್ಟಾಗಿದೆ ಎಂದೂ ಅನ್ನಿಸಿತು. ಸುತ್ತಲೂ ಮಂತ್ರಘೋಷವಿತ್ತು, ರಾಮಕುಂಡದಲ್ಲಿ ಅದು ಇದ್ದೇ ಇರುತ್ತದೆ. ಅದರ ನಡುವೆ ತಮ್ಮ ತಂದೆಯ ಹೆಸರು ಮೂರು ಬಾರಿ ಸ್ಪಷ್ಟವಾಗಿ ಕೇಳಿಸಿತು. ಭಯ ತಾನಾಗಿ ಹೊರಗೆ ಹೋಗುತ್ತಿದೆ ಎಂದು ಅವರಿಗೆ ರೋಮಾಂಚನವಾಯಿತು. ಆಮೇಲೆ ಅಂಗೈಗೆ ಬೆಚ್ಚನೆಯ ಅನ್ನದ ಉಂಡೆಯೊಂದು ಬಂತು. ಎರಡು ದಿನ ಬರೀ ಮೊಳಕೆಕಾಳು ತಿಂದಿದ್ದ ರಾಯರು ಅದನ್ನು ಬಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ಯಾರೋ ಗಪ್ಪನೆ ಕೈಹಿಡಿದು ನೀರಿಗೆ ಬಿಡಿಸಿದರು. ಸರಿ, ಇದೂ ಒಂದು ಪಾಠ.

ಉತ್ಕರ್ಷ ಗಂಟೆ ಬಾರಿಸಿ, ರಾಯರು ಕಣ್ಣು ತೆರೆದು ಮಡಕೆಯನ್ನು ನೀರಿಗೆ ಬಿಡುವ ಹೊತ್ತಿಗೆ ಘಾಟಿನ ಭಟ್ಟರು ತಮ್ಮ ಚೋಪಡಿ ಎಂಬ ವಂಶಾವಳಿ ಪುಸ್ತಕದಲ್ಲಿ ಕಲಬುರಗಿಯ ಬಿಂದುಮಾಧವ ಎಂಬವರು ದಿವಂಗತರಾದರೆಂದು ದಾಖಲಿಸಿಯಾಗಿತ್ತು. ಮನ್ಮಥಪ್ಪನವರು ಹೆಂಡತಿಗೆ ಫೋನು ಮಾಡಿ ಊರಿಗೆ ಹೊರಟಾಗಿತ್ತು.

ಶಿಬಿರ ಅಲ್ಲಿಗೇ ಮುಗಿಯಿತು, ಸೂರ್ಯ ಮುಳುಗುವ ತನಕದ ಮೌನ ಮಾತ್ರ ಜೊತೆಗೆ ಬಂತು. ಔರಂಗಾಬಾದಿನ ಬಸ್ಸಿನಲ್ಲಿ ರಾಯರ ಪಕ್ಕ ಯಾರೂ ಕೂಡಲಿಲ್ಲ. ವೈಜಾಪುರದಲ್ಲಿ ಹತ್ತಿದ ಮುದುಕಿಯೊಬ್ಬಳು ಅವರ ಶಿಖೆ, ದರ್ಭೆ, ಬಿಳಿ ಪಂಚೆ ನೋಡಿ ಕೈಮುಗಿದು ದೂರ ನಿಂತಳು. ಮೂರೇ ದಿನದಲ್ಲಿ ತಮ್ಮ ಮುಖಕ್ಕೆ ಇಷ್ಟು ತೇಜಸ್ಸು ಬಂದೀತೆಂದು ರಾಯರು ಎಣಿಸಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ ಆರು ಗಂಟೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ನಿಶ್ಚಿತಾರ್ಥಕ್ಕೆಂದು ಕಟ್ಟಿದ್ದ ಮಾವಿನ ತೋರಣ ಕಿತ್ತು ಮೂಲೆಯಲ್ಲಿ ಬಿದ್ದಿತ್ತು. ಕನ್ನಡ ಸಂಘದವರೆಲ್ಲ ಜಮಖಾನೆಯ ಮೇಲೆ ಕುಳಿತು ನೆಲ ನೋಡುತ್ತಿದ್ದರು. ಒಳಗೆ ಅಳು.

ಯಾರೋ ಹೋಗಿದ್ದಾರೆ! ರಾಯರು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದರು. ಹೆಂಡತಿ ಅಳುತ್ತಿದ್ದಾಳೆ; ಅಂದರೆ ಇದ್ದಾಳೆ. ಮಾನ್ಯಾ ಇದ್ದಾಳೆ. ಇನ್ನು ಉಳಿದವರು…

"ನಿಮ್ಮ ತಂದಿಯವರು ದೊಡ್ಡ ಜೀವ ಇತ್ರಿ ರಾಯರ," ಎಂದು ಪ್ರೇಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

ರಘೋತ್ತಮರಾಯರು ಹೊಸ್ತಿಲ ಮೇಲೆ ಕುಸಿದು ಕುಳಿತರು. ಬೆಳಿಗ್ಗೆ ಹೆಸರು ನದಿಗೆ ಬಿಟ್ಟದ್ದು, ಸಂಜೆಗೆ ಮನುಷ್ಯನೇ! ಶಿಬಿರಕ್ಕೆ ಇಷ್ಟು ಶಕ್ತಿಯಿರುತ್ತದೆಂದು ಹಸಿರು ಚೀಟಿಯಲ್ಲಿ ಛಾಪಿಸಿರಲಿಲ್ಲ. ಕಣ್ಣಿಂದ ದಳದಳ ನೀರಿಳಿಯಿತು. ಬಾಯಿ ತೆರೆದರು, ಮುಚ್ಚಿದರು. ಕೊಟ್ಟ ಮಾತು ಮುರಿಯಬಾರದೆಂದು ಬೆತ್ತ ಹಿಡಿದು ಕಲಿಸಿದವರು ಆ ತಂದೆಯೇ. ಗಡಿಯಾರ ನೋಡಿದರು. ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆ.

"ಬಾಯೇ ಕಟ್ಟ್ಯದ, ಪಾಪ," ಎಂದರು ಎಲ್ಲರೂ.

ಅಷ್ಟರಲ್ಲಿ ಸುದ್ದಿ ತಿಳಿದು ನಾಸಿಕದಿಂದ ಉಮಾನಾಥರಾಯರ ಕಾರು ಬಂತು. ಹಿಂದಿನ ಸೀಟಿನಿಂದ ಮೌಶಿಯೂ ಇಳಿದಳು. ಸಂಘದ ಪುರೋಹಿತರಾದ ಅಡವ್ಯಾಚಾರ್ ಎದ್ದು ಗಂಟಲು ಸರಿಪಡಿಸಿಕೊಂಡರು. ಅವರಿಗೆ ಮಧ್ಯಾಹ್ನದಿಂದ ಒಂದು ಲೆಕ್ಕ ತಾಳೆಯಾಗಿರಲಿಲ್ಲ.

"ಅಸ್ಥಿಸಂಚಯನ ಮೂರನೇ ದಿವಸ. ಇವತ್ತು ಶುಕ್ರವಾರ. ಅಂದ್ರ ಮಾಸ್ತರರು ಹೋಗಿದ್ದು ಬುಧವಾರ. ಕಲಬುರಗಿಗೆ ಫೋನ್ ಹಚ್ಚಿದ್ರ ಬಾಜೂ ಮನಿಯವರು ಮನಿ ಕೀಲಿ ಹಾಕ್ಯದ ಅಂತಾರ. ಅಂಬುಜಾಬಾಯಿ ಮೊಬೈಲ್ ಬಂದ್. ಈ ರಾಯರು ಶಿಬಿರ ಅಂತ ಹೇಳಿ ಮನಿ ಬಿಟ್ಟಿದ್ದೂ ಬುಧವಾರನ!"

ಮೌಶಿ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಳು.

"ಅಂದ್ರ ಇವರಿಗೆ ಎಲ್ಲಾ ಗೊತ್ತಿತ್ತು! ಸೂತಕ ಮುಚ್ಚಿಟ್ಟು ಎಂಗೇಜ್‌ಮೆಂಟ್ ಮುಗಿಸಬೇಕಂತ ಕಳ್ಳತನಲೇ ಹೋಗಿ ಬಂದಾರ. ಶಿಬಿರ ಅಂತ, ಧ್ಯಾನ ಅಂತ! ಭಾವಜೀ, ನಾ ಮೊದಲೇ ಹೇಳಿದ್ದಿಲ್ಲಾ?"

ಉಮಾನಾಥರಾಯರ ಮುಖ ಕಪ್ಪಿಟ್ಟಿತು. "ರಾಯರ, ದುಃಖದ ಮನಿಯಾಗ ನಾ ಹೆಚ್ಚಿಗೆ ಮಾತಾಡಂಗಿಲ್ಲ. ಒಂದೇ ಮಾತು ಹೇಳ್ರಿ. ನೀವು ಶಿಬಿರಕ್ಕ ಹೋಗಿದ್ರೋ, ನಿಮ್ಮ ತಂದಿ ಕ್ರಿಯಾಕ್ಕ ಹೋಗಿದ್ರೋ?"

ರಾಯರು ಗಡಿಯಾರ ನೋಡಿದರು. ಆರೂ ನಲವತ್ತೈದು.

"ಬಾಬಾ, ಕಾಹೀ ತರಿ ಬೋಲಾ ನಾ!" ಎಂದು ಮಾನ್ಯಾ ಗಟ್ಟಿಯಾಗಿ ಅತ್ತಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಅಳು ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. "ಏನರೆ ಹೇಳ್ರಿ! ಅವರು ಹೊಂಟಾರ!"

ಉಮಾನಾಥರಾಯರು ನಿಜವಾಗಿಯೂ ಹೊರಟಿದ್ದರು. ಒಂದು ಚಪ್ಪಲಿ ಸಿಕ್ಕಿತ್ತು, ಇನ್ನೊಂದನ್ನು ರಾಶಿಯಲ್ಲಿ ಹುಡುಕುತ್ತಿದ್ದರು. ಮೌಶಿ ಹುಡುಕಲು ಸಹಾಯ ಮಾಡುತ್ತಿದ್ದಳು. ರಾಯರು ಬೀಗರನ್ನು ನೋಡಿದರು, ಅಳುವ ಮಗಳನ್ನು ನೋಡಿದರು. ತಂದೆ ಕಲಿಸಿದ ಪಾಠ ತಂದೆಯ ಜೊತೆಗೇ ಹೋಗಲಿ ಎಂದುಕೊಂಡರು. ಪ್ರಮಾಣಪತ್ರವೂ ಗೋದಾವರಿಗೆ ಹೋಗಲಿ. ಹದಿನೈದು ನಿಮಿಷ ಮೊದಲೇ ಮೌನ ಮುರಿದರು.

"ಅಪ್ಪಾ ಹ್ಯಾಂಗ ಹೋದ್ರು?"

ಶುಭಾಬಾಯಿಯ ಅಳು ಅರ್ಧಕ್ಕೆ ನಿಂತಿತು. "ನನ್ನ ಕೇಳ್ತೀರೇನ್ರಿ? ಪಿಂಡ ಬಿಟ್ಟು ಬಂದವರು ನೀವಲ್ಲಾ?"

"ನಾನಾ? ಯಾವ ಪಿಂಡ?"

ಎಲ್ಲರೂ ಮನ್ಮಥಪ್ಪನವರ ಕಡೆ ತಿರುಗಿದರು. ಮನ್ಮಥಪ್ಪನವರು ತಿರುಗಿ ನೋಡಿದರು, ಹಿಂದೆ ಗೋಡೆಯಿತ್ತು.

ಆಗಲೇ ಹೊರಗೆ ಆಟೋ ನಿಂತ ಸದ್ದು. ಅದರ ಹಿಂದೆಯೇ ಒಂದು ಧ್ವನಿ. ಆ ಧ್ವನಿಗೆ ಕಲಬುರಗಿಯಲ್ಲಿ ಮೂರು ತಲೆಮಾರು ಬೆಂಚಿನ ಮೇಲೆ ನಿಂತಿತ್ತು.

"ತಪಾಸಣಿಗೆ ಬಂದೇನಿ! ನಾಡದು ಕಾರ್ಯ, ಬಾಗಲಾಗ ತೋರಣ ಎಲ್ಲಿ?"

ಬಿಂದುಮಾಧವ ಮಾಸ್ತರರು ಕೊಡೆ ಊರುತ್ತ ಒಳಗೆ ಬಂದರು. ಶನಿವಾರ ಬರುವುದಾಗಿ ಹೇಳಿ ಒಂದು ದಿನ ಮೊದಲೇ ಬರುವುದು ಅವರ ಹಳೆಯ ಪದ್ಧತಿ. ಹೇಳಿ ಹೋದರೆ ಅದೆಂಥ ತಪಾಸಣೆ? ಹಿಂದೆ ಅಂಬುಜಾಬಾಯಿ ಚೀಲ ಹೊತ್ತುಕೊಂಡು ಬಂದರು. ಕರ್ನಾಟಕದ ಗಡಿ ದಾಟಿದೊಡನೆ ರೋಮಿಂಗಿಗೆ ಹೆದರಿ ಮೊಬೈಲು ಬಂದ್ ಮಾಡುವುದು ಅವರ ಪದ್ಧತಿ.

ಪ್ರೇಮಾಬಾಯಿ ಚಿಟ್ಟನೆ ಚೀರಿದರು. ಮೌಶಿ ಕೈಯಲ್ಲಿದ್ದ ಚಪ್ಪಲಿ ಕೆಳಗೆ ಹಾಕಿದಳು. ಮಾಸ್ತರರು ಸಭೆಯನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಮಗನ ನುಣ್ಣನೆಯ ಮೂತಿಯ ಮೇಲೆ ಕಣ್ಣು ನಿಲ್ಲಿಸಿದರು. ಹತ್ತಿರ ಹೋಗಿ ಕೊಡೆಯ ತುದಿಯಿಂದ ಗದ್ದ ಎತ್ತಿದರು.

"ಯಾಕೋ? ನಾ ಸತ್ತೇನೇನು?"

ರಘೋತ್ತಮರಾಯರಿಗೆ ಮತ್ತೆ ಮಾತು ಹೋಯಿತು. ಈ ಸಲ ಯಾರೂ ಸಹಿ ಮಾಡಿಸಿಕೊಂಡಿರಲಿಲ್ಲ.

ವಿಷಯವೆಲ್ಲ ಬಿಚ್ಚಿಕೊಳ್ಳಲು ಎರಡು ಸುತ್ತು ಚಹಾ ಬೇಕಾಯಿತು. ಮನ್ಮಥಪ್ಪನವರು ಮಾಸ್ತರರ ಕಾಲು ಹಿಡಿದರು. ಉಮಾನಾಥರಾಯರು ಚಪ್ಪಲಿ ಬಿಟ್ಟು ಒಳಗೆ ಬಂದು ನಕ್ಕರು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಅಡವ್ಯಾಚಾರ್ ಮತ್ತೊಮ್ಮೆ ಗಂಟಲು ಸರಿಪಡಿಸಿಕೊಂಡರು.

"ಹಂಗ ಬರೂದಿಲ್ಲ. ತೀರ್ಥಕ್ಷೇತ್ರದಾಗ, ಹೆಸರು ಹಿಡಿದು, ಹೆತ್ತ ಮಗನ ಕೈಲೇ ಪಿಂಡ ಬಿದ್ದದ. ಶಾಸ್ತ್ರದ ಪ್ರಕಾರ ಮಾಸ್ತರರು ಈಗ ಇಲ್ಲ."

"ನಿನ್ನ ಮುಂದ ಕೂತೇನಲ್ಲೋ, ಚಹಾ ಕುಡೀಲಿಕ್ಕೆ ಹತ್ತೇನಿ!"

"ನೀವು ಕುಡೀಬಹುದು, ಮಾಸ್ತರ್. ಆದ್ರ ನೀವು ಇಲ್ಲ. ಇದಕ್ಕ ಒಂದೇ ಪರಿಹಾರ. ನೀವು ಮತ್ತೊಮ್ಮೆ ಹುಟ್ಟಬೇಕು. ಸ್ನಾನ, ಜಾತಕರ್ಮ, ನಾಮಕರಣ, ಎಲ್ಲಾ ಮೊದಲಿಂದ."

"ಹಂಗಾದ್ರ ನಾಳೆ ಹುಟ್ಟಿಸಿಬಿಡ್ರಿ," ಎಂದರು ಶುಭಾಬಾಯಿ ಅವಸರದಿಂದ. "ನಾಡದು ಕಾರ್ಯ ಅದ."

"ಹುಟ್ಟಿಸಬಹುದು. ಆದ್ರ ಮನ್ಯಾಗ ಕೂಸು ಹುಟ್ಟಿದ್ರ ಹತ್ತು ದಿವಸ ಪುರುಡು! ಅದೂ ಸೂತಕನ."

ಮೌಶಿಯ ಮುಖದಲ್ಲಿ ಮತ್ತೆ ಬೆಳಕು ಕಂಡಿತು. ಸತ್ತರೂ ಸೂತಕ, ಹುಟ್ಟಿದರೂ ಸೂತಕ. ಮಾನ್ಯಾ ತಲೆಯ ಮೇಲೆ ಕೈಹೊತ್ತು ಕುಳಿತಳು. ಉಮಾನಾಥರಾಯರು ಚಪ್ಪಲಿಯ ಕಡೆ ನೋಡಿದರು.

ಮೂಲೆಯಿಂದ ಮನ್ಮಥಪ್ಪನವರು ಅಳುಕುತ್ತ ಕೈಯೆತ್ತಿದರು. "ಅಲ್ರೀ ಆಚಾರ್ರ, ನಮ್ಮಲ್ಲಿ ಸೂತಕಾನೇ ಇಲ್ರಿ. ಹುಟ್ಟಿದ್ದೂ ಇಲ್ಲ, ಸತ್ತಿದ್ದೂ ಇಲ್ಲ. ಬಸವಣ್ಣನವರು ಅಂದೇ ತೆಗೆದು ಹಾಕ್ಯಾರ. ತಪ್ಪು ನಂದು. ಕಾರ್ಯ ನಮ್ಮ ಮನಿಯಾಗ ಮಾಡ್ರಿ. ಗ್ವಾಡಿ ಒಂದೇ ನಡುವ."

"ಸೂತಕ ಮನುಷ್ಯರಿಗೆ, ಗ್ವಾಡಿಗಲ್ಲ," ಎಂದರು ಅಡವ್ಯಾಚಾರ್. "ಕೂಸು ಹುಟ್ಟಿತಂದ್ರ ಇವರು ಎಲ್ಲಿ ಕೂತರೂ…"

"ನಿಲ್ಲು," ಎಂದು ಮಾಸ್ತರರು ಕೊಡೆ ನೆಲಕ್ಕೆ ಕುಟ್ಟಿದರು. ಅಡವ್ಯಾಚಾರ್ ಕಲಬುರಗಿಯ ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿ ಅವರ ಕೈಕೆಳಗೆ ಎರಡು ವರ್ಷ ಕುಳಿತವರು. ತಮಗೇ ಗೊತ್ತಿಲ್ಲದೆ ಎದ್ದು ನಿಂತರು. "ಪುರುಡು ಸುರು ಆಗೂದು ಕೂಸು ಹುಟ್ಟಿದ ಮ್ಯಾಲೋ, ಮೊದಲೋ?"

"ಹುಟ್ಟಿದ ಮ್ಯಾಲೆ, ಸರ್."

"ಹಂಗಾದ್ರ ನಾ ಸೋಮವಾರ ಹುಟ್ಟತೀನಿ. ಭಾನುವಾರ ಕಾರ್ಯ ಮುಗೀಲಿ."

"ಆದ್ರ ಅಲ್ಲಿತನಕ ತಾವು… ಶಾಸ್ತ್ರದಾಗ…"

"ರಜಾ ಮ್ಯಾಲೆ ಇದ್ದೀನಿ ಅಂತ ಬರಕೋ. ಇನ್ನ ನಾ ಸತ್ತೇನಿ ಅಂತ ಯಾರರೆ ಅಂದ್ರ, ಮುಂದಿನ ಮಾತು ಈ ಕೊಡೀನೇ ಆಡತದ. ಮನ್ಮಥಪ್ಪ, ಕಾರ್ಯ ನಿನ್ನ ಮನಿಯಾಗ. ಈ ಮನಿ ನೋಡಿದ್ರ ನನಗ ನನ್ನ ನೆನಪಾಗತದ."

ಶಾಸ್ತ್ರಕ್ಕೂ ಕೊಡೆಗೂ ನಡುವೆ ಅಡವ್ಯಾಚಾರ್ ಬಹಳ ಹೊತ್ತು ತೂಗಲಿಲ್ಲ.

ಭಾನುವಾರ ಮನ್ಮಥಪ್ಪನವರ ಪಡಸಾಲೆಯಲ್ಲಿ ನಿಶ್ಚಿತಾರ್ಥ ನಡೆಯಿತು. ಗೋಡೆಯ ಮೇಲಿನ ಬಸವಣ್ಣನವರ ಫೋಟೋ ಎಲ್ಲವನ್ನೂ ನೋಡುತ್ತಿತ್ತು. ಪ್ರೇಮಾಬಾಯಿ ಪಾಪಪರಿಹಾರಕ್ಕೆಂದು ನೂರೈವತ್ತು ಹೋಳಿಗೆ ಮಾಡಿದ್ದರು, ಅಡಿಗೆಗೆ ಉಳ್ಳಾಗಡ್ಡಿ ಒಂದೂ ಹಾಕಿರಲಿಲ್ಲ. ಮಾನ್ಯಾ ನಚಿಕೇತನ ಬೆರಳಿಗೆ ಉಂಗುರ ತೊಡಿಸುವಾಗ ರಾಯರು ತಮ್ಮ ಬೆರಳನ್ನು ನೋಡಿಕೊಂಡರು. ದರ್ಭೆಯನ್ನು ಶುಭಾಬಾಯಿ ಅಂದೇ ಕಿತ್ತು ಎಸೆದಿದ್ದರು.

ಊಟವಾದ ಮೇಲೆ ಉಮಾನಾಥರಾಯರು ಬೀಗರ ಪಕ್ಕ ಬಂದು ಕುಳಿತರು. ಅನುಭವ ಹೇಳುವ ಹೊತ್ತು ಬಂದಿತ್ತು.

"ರಾಯರ, ಒಂದು ಮಾತು. ನಿಮ್ಮಂಥ ಸಾಧಕರ ಮುಂದ ಹೇಳಲಿಕ್ಕೆ ನಾಚಿಕಿ ಬರತದ. ಆ ಫೋಟೋ ಎಲ್ಲಾ ನಚಿಕೇತ ತೆಗದದ್ದು. ಕೋಲು ಮೊಣಕಾಲು ನೋವಿಗೆ. ನಾ ಊಟ ಆದ ಮ್ಯಾಲೆ ಒಂಚೂರು ಮಲಗದಿದ್ರ ಆಗೂದೇ ಇಲ್ಲ."

"ನಾಲ್ಕರ ತನಕ?"

"ಭಾನುವಾರ ಐದು."

ಇಬ್ಬರೂ ಅಲ್ಲೇ ಜಮಖಾನೆಯ ಮೇಲೆ ಅಡ್ಡಾದರು.

ಸೋಮವಾರ ಬೆಳಿಗ್ಗೆ ಬಿಂದುಮಾಧವ ಮಾಸ್ತರರು ಹುಟ್ಟಿದರು. ತುಪ್ಪ ಹಚ್ಚಿ ಎರೆದರು, ಹೊಸ ಪಂಚೆಯಲ್ಲಿ ಸುತ್ತಿದರು. ತೊಟ್ಟಿಲಿಗೆ ಅವರು ಒಪ್ಪಲಿಲ್ಲವಾದ್ದರಿಂದ ಪ್ರೇಮಾಬಾಯಿಯ ಮನೆಯ ತೂಗುಮಂಚ ಬಂತು. ಅಂಬುಜಾಬಾಯಿ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದರು.

"ಕೂಸಿನ ಕಿವಿಯಾಗ ಮೂರು ಸಲ ಹೆಸರು ಹೇಳಬೇಕು," ಎಂದರು ಅಡವ್ಯಾಚಾರ್. "ಮನಿ ಯಜಮಾನ ಮುಂದ ಬರಬೇಕು."

ರಘೋತ್ತಮರಾಯರು ಮುಂದೆ ಬಂದು ಬಗ್ಗಿದರು. ಐವತ್ತೆರಡು ವರ್ಷ ನಾಲಿಗೆಗೆ ಬಾರದ ಹೆಸರು. ಪಿಸುಗುಟ್ಟಿದರು.

"ಏನೂ ಕೇಳಿಸಲಿಲ್ಲ," ಎಂದಿತು ಕೂಸು. "ಹಿಂದಿನ ಬೆಂಚಿಗೆ ಕೇಳಂಗ ಹೇಳು."

"ಬಿಂದುಮಾಧವ."

"ಜೋರಾಗಿ!"

"ಬಿಂದುಮಾಧವ!"

ರಘೋತ್ತಮರಾಯರ ದನಿ ಕಂಪೌಂಡು ದಾಟಿ ಬೀದಿಗೆ ಹೋಯಿತು. ತರಕಾರಿಯ ಗಾಡಿಯವನು ನಿಂತು ನೋಡಿದ. ಆಕಾಶ ಬೀಳಲಿಲ್ಲ, ಕೊಡೆಯೂ ಬೀಳಲಿಲ್ಲ. ಮೂರನೆಯ ಸಲ ಅವರು ಯಾರೂ ಹೇಳದೆಯೇ ಇನ್ನೂ ಜೋರಾಗಿ ಕೂಗಿದರು.

ಮಾಸ್ತರರು ತೂಗುಮಂಚದಿಂದ ಕೈಚಾಚಿ ಮಗನ ಮೂಗಿನ ಕೆಳಗೆ, ಆಗತಾನೆ ಚಿಗುರುತ್ತಿದ್ದ ಮೂರು ದಿನದ ಕೂದಲಿನ ಮೇಲೆ ಬೆರಳಾಡಿಸಿದರು.

"ಇನ್ನ ಮೀಸಿ ಬಿಡೋ," ಎಂದರು. "ನಿಮ್ಮಪ್ಪ ಹುಟ್ಯಾನ."